ಕಾದಂಬರಿ ಬರೆಯುವ ಮುಂಚೆ ಯೋಜನೆ ಮಾಡಿಕೊಳ್ಳಲು ಯಾವ ಆ್ಯಪ್ ಒಳ್ಳೆಯದು?

ಮೂರು ಸಲ ಕಾದಂಬರಿ ಶುರು ಮಾಡಿದಿರಿ, ಮೂರೂ ಸಲ ನಾಲ್ಕನೇ ಅಧ್ಯಾಯಕ್ಕೆ ನಿಂತುಹೋಯಿತು ಅಂದಿದ್ದೀರಿ. ಆ್ಯಪ್ ವಿಷಯ ಆಮೇಲೆ ಹೇಳುತ್ತೇನೆ. ನನಗೆ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದದ್ದು ಅಡುಗೆಮನೆ ಗೋಡೆಯ ಪಂಚಾಂಗದ ಕ್ಯಾಲೆಂಡರ್.

ನಾನು ಕಲಬುರಗಿಯವಳು. ಕೆಲವು ವರ್ಷಗಳ ಹಿಂದೆ ಒಂದು ಕಥೆ ಬರೆದೆ. ಜೂನ್‌ನಲ್ಲಿ ಮಗಳಿಗೆ ಕಾಲೇಜು ಸೀಟು ಸಿಗುತ್ತದೆ, ಅಪ್ಪ ಮನೆಯಲ್ಲಿದ್ದ ತೊಗರಿ ಮಾರಿ ಫೀಸು ಕಟ್ಟುತ್ತಾನೆ. ಅದನ್ನು ನಮ್ಮ ಅತ್ತೆಗೆ ಓದಿ ಹೇಳಿದೆ. ಅವರು ಕೇಳಿದ್ದು ಒಂದೇ ಮಾತು: "ಜೂನ್ ತಿಂಗಳದಾಗ ಅವನ ಮನ್ಯಾಗ ತೊಗರಿ ಎಲ್ಲಿಂದ ಬಂತವ್ವಾ?"

ಹೌದಲ್ವಾ. ನಮ್ಮಲ್ಲಿ ತೊಗರಿ ಬಿತ್ತುವುದೇ ಜೂನ್, ಜುಲೈನಲ್ಲಿ. ರಾಶಿ ಆಗುವುದು ಡಿಸೆಂಬರ್, ಜನವರಿ ಹೊತ್ತಿಗೆ. ಸಾಲ ಇರುವ ಸಣ್ಣ ರೈತ ರಾಶಿ ಆದ ಕೂಡಲೇ ಮಾರಿಬಿಡುತ್ತಾನೆ. ತಪ್ಪು ತಿದ್ದಲು ಕೂತಾಗ ಕಥೆಯೇ ಬೇರೆಯಾಯಿತು. ಫೀಸು ಕಟ್ಟುವ ಕೊನೆಯ ದಿನವೂ ಬಿತ್ತನೆಗೆ ಕಾಯುವ ಮಿರಗದ (ಮೃಗಶಿರಾ) ಮಳೆಯೂ ಒಂದೇ ವಾರಕ್ಕೆ ಬಂದವು. ಅಪ್ಪನ ಕೈಯಲ್ಲಿದ್ದ ದುಡ್ಡು ಬೀಜಕ್ಕಾದರೆ ಸಾಕು, ಫೀಸಿಗಾದರೆ ಸಾಕು. ಎರಡಕ್ಕೂ ಸಾಲದು. ನಾನು ಎಂಟು ಪುಟ ಹುಡುಕಾಡಿದ ಗಂಟು ತಾರೀಖಿನಲ್ಲೇ ಕೂತಿತ್ತು.

ಅಂದಿನಿಂದ ಪ್ರತಿ ದೃಶ್ಯಕ್ಕೂ ಮೊದಲು ತಾರೀಖು ಹಾಕುತ್ತೇನೆ. ಆಮೇಲೆ ಆ ದಿನ ಊರಲ್ಲಿ ಏನು ನಡೆದಿರುತ್ತದೆ ಅಂತ ನೋಡುತ್ತೇನೆ. ಎಳ್ಳ ಅಮಾವಾಸ್ಯೆಯಾದರೆ ಮನೆ ಮಂದಿಯೆಲ್ಲ ಭಜ್ಜಿ, ಸಜ್ಜೆ ರೊಟ್ಟಿ ಕಟ್ಟಿಕೊಂಡು ಚರಗ ಚೆಲ್ಲಲು, ಅಂದರೆ ಭೂಮಿತಾಯಿಗೆ ಎಡೆ ಕೊಡಲು, ಹೊಲಕ್ಕೆ ಹೋಗಿರುತ್ತಾರೆ. ಗುಟ್ಟು ಮಾತಾಡಬೇಕಾದ ಇಬ್ಬರಿಗೆ ಅಂಥ ಖಾಲಿ ಮನೆ ಬೇರೆ ದಿನ ಸಿಗಲ್ಲ. ಮೇ ತಿಂಗಳ ಮಧ್ಯಾಹ್ನ ಯಾರನ್ನಾದರೂ ನಮ್ಮೂರ ಸೂಪರ್ ಮಾರ್ಕೆಟ್ ಪೇಟೆಗೆ ನಡೆಸಿಕೊಂಡು ಹೋದಿರೋ, ಆ ಬಿಸಿಲಲ್ಲಿ ಯಾಕೆ ಹೊರಟರು ಅಂತ ಹೇಳಲೇಬೇಕು.

ಹಳೆ ಕಾಲದ ಕಥೆಯಾದರೂ ಇದೇ ದಾರಿ. ಈ ಭಾಗದ ನಿಜಾಮರ ಕಾಲದ ಕಾಗದಪತ್ರಗಳಲ್ಲಿ ಫಸಲಿ ವರ್ಷ, ಅಂದರೆ ಕಂದಾಯದ ಲೆಕ್ಕದ ವರ್ಷ, ಇರುತ್ತದೆ. ಅದಕ್ಕೆ 590 ಕೂಡಿಸಿದರೆ ಆ ವರ್ಷ ಶುರುವಾದ ಇಸವಿ. 1357 ಫಸಲಿ ಅಂದರೆ 1947-48, ರಜಾಕಾರರ ಹಾವಳಿಯ ವರ್ಷ. ಮನೆಯ ಒಂದು ಹಳೆ ಹೊಲದ ಪತ್ರ ಸಿಕ್ಕರೂ ಬಿಡಬೇಡಿ.

ದೃಶ್ಯಗಳನ್ನು ನಾನು ಹಳೆಯ ಲಗ್ನಪತ್ರಿಕೆಗಳ ಹಿಂದೆ ಬರೆಯುತ್ತೇನೆ. ದಪ್ಪ ಕಾಗದ, ಮಡಚುವುದಿಲ್ಲ, ಪ್ರತಿ ಮನೆಯಲ್ಲೂ ರಾಶಿ ಇರುತ್ತವೆ. ನಮ್ಮ ಪಡಸಾಲೆಗೆ ಶಹಾಬಾದ್ ಪರಸಿ (ಚಪ್ಪಡಿ ಕಲ್ಲು) ಹಾಸಿದೆ. ಒಂದು ಪರಸಿಗೆ ಒಂದು ತಿಂಗಳು ಅಂತ ಲೆಕ್ಕ ಹಾಕಿ ಅವನ್ನು ಹರಡುತ್ತೇನೆ. ಒಂದು ಸಲ ನಾಲ್ಕು ಪರಸಿ ಸಾಲಾಗಿ ಖಾಲಿ ಉಳಿದವು. ಆ ನಾಲ್ಕು ತಿಂಗಳು ನನ್ನ ನಾಯಕಿ ಏನು ಮಾಡುತ್ತಿದ್ದಳು ಅಂತ ನನಗೇ ಗೊತ್ತಿರಲಿಲ್ಲ. ಬರವಣಿಗೆ ನಿಂತದ್ದೂ ಅಲ್ಲೇ. ಸ್ಕ್ರಿವೆನರ್ ಅನ್ನುವ ತಂತ್ರಾಂಶದಲ್ಲಿ ಹೀಗೆ ಕಾರ್ಡ್ ಜೋಡಿಸುವ ಹಲಗೆ ಇದೆ, ಆದರೆ ದುಡ್ಡು ಕೊಟ್ಟು ಕೊಳ್ಳಬೇಕು. ಮೊದಲ ಕಾದಂಬರಿಗೆ ನೆಲ ಸಾಕು.

ಬರೆಯಲು ಗೂಗಲ್ ಡಾಕ್ಸ್ ಸಾಕು. ಬರೆದದ್ದು ತಾನೇ ಉಳಿಯುತ್ತದೆ, ಹಳೆಯ ಆವೃತ್ತಿಗೆ ವಾಪಸು ಹೋಗಬಹುದು. ಹಾಗಾಗಿ ಧೈರ್ಯವಾಗಿ ಅಳಿಸಿ. ಕನ್ನಡದಲ್ಲಿ ಮಾತಾಡಿದರೆ ಟೈಪ್ ಮಾಡಿಕೊಡುವ ಸೌಲಭ್ಯವೂ ಇದೆ, ಆದರೆ ನಮ್ಮ "ಹೋಗ್ಲಕತ್ತೀನಿ" ಅದಕ್ಕೆ ಸರಿಯಾಗಿ ಕೇಳಿಸುವುದಿಲ್ಲ. ಸಂಭಾಷಣೆ ಮಾತ್ರ ಕೈಯಲ್ಲೇ ಟೈಪ್ ಮಾಡಿ. ಇನ್ನೊಂದು ಮಾತು: ಎಲ್ಲ ಫೋನು, ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್‌ ಅಕ್ಷರದಲ್ಲೇ ಬರೆಯಿರಿ. ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಬರೆದ ನನ್ನ ಎರಡು ಕಥೆಗಳು ಮೊಬೈಲ್‌ನಲ್ಲಿ ತೆರೆದಾಗ ಬರೀ ಇಂಗ್ಲಿಷ್ ಅಕ್ಷರಗಳ ಗೊಂದಲವಾಗಿ ಕಂಡವು. ಪರಿವರ್ತಿಸಿ, ಒತ್ತಕ್ಷರ ತಿದ್ದುವುದರಲ್ಲೇ ಒಂದು ವಾರ ಹೋಯಿತು.

ನಿಮ್ಮ ನಾಲ್ಕನೇ ಅಧ್ಯಾಯ ಯಾವ ತಿಂಗಳಲ್ಲಿ ನಡೆಯುತ್ತದೆ? ಆ ತಿಂಗಳು ಆ ಮನೆಯಲ್ಲಿ ದುಡ್ಡು ಎಷ್ಟಿರುತ್ತದೆ, ಯಾರು ಊರಿಗೆ ಬಂದಿರುತ್ತಾರೆ? ಕೆಳಗೆ ಬರೆದು ತಿಳಿಸಿ, ಕೂತು ನೋಡೋಣ.