ಡಿಸೈನ್ ರಿಜಿಸ್ಟರ್ ಆಯ್ತು, ಇನ್ನೇನಾದ್ರೂ ಮಾಡೋದಿದ್ಯಾ?

ಡಿಸೈನ್ ಅಂದ್ರೆ ವಸ್ತುವಿನ ಹೊರನೋಟ, ಅದನ್ನ ರಿಜಿಸ್ಟರ್ ಮಾಡ್ಸಿ ಸರ್ಟಿಫಿಕೇಟ್ ಕೈಗೆ ಬಂತು, ಇನ್ನು ಯಾರೂ ಕಾಪಿ ಹೊಡೆಯೋಕಾಗಲ್ಲ ತಾನೇ ಅಂತ ಕೇಳಿದೀರಿ. ಹೊಡೀತಾರೆ. ಅದನ್ನ ತಡೆಯೋಕೆ ರಿಜಿಸ್ಟರ್ ಮಾಡ್ಕೊಟ್ಟ ಕಚೇರಿಯವರು ಬರಲ್ಲ, ಮಾರ್ಕೆಟ್ ಮೇಲೆ ಕಣ್ಣಿಡೋದರಿಂದ ಹಿಡಿದು ಕೋರ್ಟಿಗೆ ಅಲೆಯೋವರೆಗೂ ಎಲ್ಲಾ ನಿಮ್ಮ ತಲೆಮೇಲೇ.

ಅವಧಿ ವಿಷ್ಯ ಮೊದ್ಲು ಮುಗಿಸ್ತೀನಿ. ಭಾರತದಲ್ಲಿ 10 ವರ್ಷ, ಅದು ಮುಗಿಯೋದ್ರೊಳಗೆ ಫೀಸ್ ಕಟ್ಟಿದ್ರೆ ಇನ್ನೊಂದು 5, ಅಲ್ಲಿಗೆ ಖತಂ. ಯುರೋಪಿಯನ್ ಯೂನಿಯನ್, ಬ್ರಿಟನ್ ಎರಡರಲ್ಲೂ 5 ವರ್ಷಕ್ಕೊಮ್ಮೆ ರಿನ್ಯೂ ಮಾಡಿಸ್ಬೇಕು, ಹೆಚ್ಚಂದ್ರೆ 25. ಅಮೆರಿಕದಲ್ಲಿ ಇದನ್ನ ಡಿಸೈನ್ ಪೇಟೆಂಟ್ ಅಂತಾರೆ, ಅದಕ್ಕೆ ಮಂಜೂರಾದ ದಿನದಿಂದ 15 ವರ್ಷ, ಮಧ್ಯೆ ರಿನ್ಯೂವಲ್ ಫೀಸೇ ಇಲ್ಲ. ಭಾರತದಲ್ಲಿ ಲೆಕ್ಕ ಶುರುವಾಗೋದು ಅರ್ಜಿ ಹಾಕಿದ ದಿನದಿಂದ, ಸರ್ಟಿಫಿಕೇಟ್ ಬಂದ ದಿನದಿಂದಲ್ಲ (ಹೊರದೇಶದಲ್ಲಿ ಮೊದ್ಲೇ ಅರ್ಜಿ ಹಾಕಿ ಪ್ರಯಾರಿಟಿ, ಅಂದ್ರೆ ಆ ಮೊದಲ ತಾರೀಖನ್ನೇ ಇಲ್ಲೂ ಲೆಕ್ಕಕ್ಕೆ ತಗೊಳ್ಳಿ ಅಂತ ಕೇಳಿದ್ರೆ ಇನ್ನೂ ಹಿಂದಿನಿಂದ). ಮತ್ತೆ ರಿನ್ಯೂವಲ್ ಫೀಸ್ ಕಟ್ಟಿ ಅಂತ ಸರ್ಕಾರಿ ಪತ್ರದ ಥರಾನೇ ಕಾಣೋ ನಕಲಿ ಬಿಲ್‌ಗಳು ಬರ್ತವೆ, ಅಧಿಕೃತ ರಿಜಿಸ್ಟರ್‌ನಲ್ಲಿ ನೋಡ್ದೆ ದುಡ್ಡು ಕಟ್ಬೇಡಿ.

ಈಗ ನಿಜವಾದ ತಲೆನೋವು. ನಿಮ್ಮ ಹಕ್ಕಿನ ಅಳತೆ ಅರ್ಜಿ ಜೊತೆ ಕೊಟ್ಟ ಚಿತ್ರಗಳಷ್ಟೇ. ಟ್ರಂಕಿ ಅಂತ ಮಕ್ಕಳು ಮೇಲೆ ಕೂತು ಹೋಗೋ ಸೂಟ್‌ಕೇಸ್ ಇದ್ಯಲ್ಲ, ಅದರ ಕಂಪನಿ ಕಿಡ್ಡೀ ಕೇಸ್ ಅನ್ನೋ ಸೂಟ್‌ಕೇಸ್ ವಿರುದ್ಧ ಹಾಕಿದ ಕೇಸ್ 2016ರಲ್ಲಿ ಬ್ರಿಟನ್ ಸುಪ್ರೀಂ ಕೋರ್ಟ್‌ನಲ್ಲಿ ಬಿದ್ದೋಯ್ತು. ಟ್ರಂಕಿಯವ್ರು ರಿಜಿಸ್ಟರ್ ಮಾಡ್ಸಿದ್ದು ಕಂಪ್ಯೂಟರಲ್ಲಿ ಮಾಡಿದ ಶೇಡ್ ಇರೋ ಚಿತ್ರಗಳನ್ನ, ಅದರಲ್ಲಿ ಕೊಂಬಿರೋ ಪ್ರಾಣಿ ಥರ ಆಕಾರ, ಚಕ್ರ ಮತ್ತೆ ಪಟ್ಟಿ ಗಾಢ ಬಣ್ಣ, ಮೈಮೇಲೆ ಯಾವ ಅಲಂಕಾರನೂ ಇಲ್ಲ, ಎದುರಾಳಿದು ನೋಡಿದ್ರೆ ಮೈತುಂಬಾ ಚಿತ್ತಾರ, ಹಾಗಾಗಿ ಒಟ್ಟಾರೆ ನೋಟ ಬೇರೆ ಅಂತ ತೀರ್ಪು ಬಂತು. ಐಡಿಯಾ ಎಷ್ಟೇ ಚೆನ್ನಾಗಿದ್ರೂ ಈ ಕಾನೂನು ಐಡಿಯಾನ ಕಾಯಲ್ಲ. ಅದಕ್ಕೇ ನೀವೀಗ ಮಾರ್ತಿರೋ ಮಾಡೆಲ್‌ನ ಆ ಚಿತ್ರಗಳ ಪಕ್ಕ ಇಟ್ಟು ನೋಡಿ, ತುಂಬಾ ಬದಲಾಗಿದ್ರೆ ಹೊಸದನ್ನ ಮಾರ್ಕೆಟ್‌ಗೆ ಬಿಡೋಕ್ ಮುಂಚೆನೇ ಬೇರೆ ಅರ್ಜಿ ಹಾಕ್ಬೇಕು.

ಕಾಪಿ ಕಣ್ಣಿಗೆ ಬಿದ್ರೆ ತಕ್ಷಣ ಮೆಸೇಜ್ ಹಾಕಿ ಜಗಳ ತೆಗೀಬೇಡಿ, ಅವ್ರು ಲಿಸ್ಟಿಂಗ್ ಅಳಿಸಿ ಕೂತ್ಕೊಂಡ್ರೆ ಸಾಕ್ಷಿ ಎಲ್ಲಿಂದ ತರ್ತೀರಿ? ಒಂದು ಪೀಸ್ ಕೊಂಡು ಬಿಲ್ ಇಟ್ಕೊಳಿ, ಪೇಜ್‌ದು ತಾರೀಖಿರೋ ಸ್ಕ್ರೀನ್‌ಶಾಟ್ ತೆಗೀರಿ, ಆಮೇಲೆ ವಕೀಲರ ಹತ್ರ ಹೋಗಿ. ಆಧಾರ ಇಲ್ದೆ ಬೆದರಿಕೆ ನೋಟಿಸ್ ಕಳ್ಸಿದ್ರೆ ಭಾರತದಲ್ಲೂ ಬ್ರಿಟನ್ನಲ್ಲೂ ಅವ್ರೇ ನಿಮ್ಮ ಮೇಲೆ ಕೇಸ್ ಹಾಕ್ಬಹುದು. ಇನ್ನೊಂದು, ನೋಟಿಸ್ ಹೋದ ಮೇಲೆ ಎದುರಿನವ್ರು ಮಾಡೋ ಮೊದಲ ಕೆಲ್ಸ ನಿಮ್ಮ ರಿಜಿಸ್ಟ್ರೇಷನ್ನೇ ರದ್ದು ಮಾಡ್ಸೋಕೆ ನೋಡೋದು, ಅರ್ಜಿಗೆ ಮುಂಚೆ ನೀವೇ ಫೋಟೋ ಎಲ್ಲಾದ್ರೂ ಹಾಕಿದ್ರೆ ಡಿಸೈನ್ ಆಗ್ಲೇ ಹೊರಗೆ ಬಂದಿತ್ತು, ಹೊಸದಲ್ಲ ಅಂತ ತೋರ್ಸೋಕೆ ಅದನ್ನ ಹುಡುಕಿ ತೆಗೀತಾರೆ, ವಕೀಲರಿಗೆ ಆ ವಿಷ್ಯ ಮುಚ್ಚಿಡ್ಬೇಡಿ.

ಭಾರತದ ರಿಜಿಸ್ಟ್ರೇಷನ್ ಆಗಿದ್ರೆ ಮಾರೋ ವಸ್ತು ಮೇಲೆ ರಿಜಿಸ್ಟರ್ಡ್ ಅನ್ನೋ ಗುರುತು, ನಂಬರ್ ಹಾಕಿ, ಇಲ್ದಿದ್ರೆ ಪರಿಹಾರ ಕೇಳೋವಾಗ ತೊಡಕಾಗತ್ತೆ. ಹೊರಗಿಂದ ಮಾಲು ಬರ್ತಿದ್ರೆ ಕಸ್ಟಮ್ಸ್‌ನಲ್ಲೂ ಹಕ್ಕನ್ನ ದಾಖಲು ಮಾಡ್ಸಿ.