ಗಾಳಿಮಳೆಗೆ ಮುರಿದ ಹೂಗಿಡಗಳ ಆರೈಕೆ

ಪ್ರಶ್ನೆ: ಮೇ ತಿಂಗಳ ಬಿರುಗಾಳಿ ಮಳೆಗೆ ನಮ್ಮ ಅಂಗಳದ ದಾಸವಾಳದ ದಪ್ಪ ಟೊಂಗೆಯೊಂದು ಸೀಳಿ ಜೋತುಬಿದ್ದಿದೆ, ಪಾರಿಜಾತದ ಎಳೆಯ ಗಿಡ ಬುಡದಿಂದಲೇ ವಾಲಿದೆ, ಕಣಗಿಲದ ತುದಿಗಳು ಮುರಿದಿವೆ. ಎಲ್ಲವನ್ನೂ ಮೊಳದೆತ್ತರಕ್ಕೆ ಕಡಿದುಬಿಡಿ, ಚೆನ್ನಾಗಿ ಚಿಗುರುತ್ತವೆ ಎಂದು ನೆರೆಮನೆಯವರು ಹೇಳುತ್ತಾರೆ. ಹಾಗೆ ಮಾಡಬಹುದೆ?
– ಓದುಗರೊಬ್ಬರು, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಈಗಲೇ ಬೇಡ. ಕತ್ತರಿ ಹಿಡಿಯುವ ಮೊದಲು ಪಾರಿಜಾತವನ್ನು ನೋಡಿರಿ, ಏಕೆಂದರೆ ಎರೆಮಣ್ಣು ಹಸಿಯಿರುವಾಗ ಮಾತ್ರ ವಾಲಿದ ಗಿಡ ಮಾತು ಕೇಳುತ್ತದೆ. ನಾಲ್ಕು ದಿನ ಬಿಸಿಲು ಬಿದ್ದು ನೆಲ ಗಟ್ಟಿಯಾದ ಮೇಲೆ ಎತ್ತಲು ಹೋದರೆ ಉಳಿದ ಬೇರುಗಳೂ ಹರಿಯುತ್ತವೆ. ಬೇರು ಮೇಲೆದ್ದಿರುವ ಬದಿಯಲ್ಲಿ ಅದರ ಕೆಳಗೆ ಕುಸಿದು ತುಂಬಿದ ಕೆಸರನ್ನು ತೆಗೆದು, ಗಿಡವನ್ನು ನಿಧಾನವಾಗಿ ನೆಟ್ಟಗೆ ಮಾಡಿ, ಮಣ್ಣು ಏರಿಸಿ ಅದುಮಿರಿ. ಎರಡು ಗೂಟ ನೆಟ್ಟು, ಹಳೆಯ ಹತ್ತಿ ಸೀರೆಯ ಪಟ್ಟಿಯಿಂದ ಸಡಿಲವಾಗಿ ಕಟ್ಟಿರಿ. ತಂತಿ ಅಥವಾ ಪ್ಲಾಸ್ಟಿಕ್ ಹುರಿ ತೊಗಟೆಯನ್ನು ಕೊರೆಯುತ್ತದೆ.

ದಾಸವಾಳದ ಟೊಂಗೆಯನ್ನು ಒಂದೇ ಏಟಿಗೆ ಕಡಿದರೆ ಅದು ತನ್ನ ಭಾರಕ್ಕೆ ಕಾಂಡದ ತೊಗಟೆಯನ್ನೂ ಸುಲಿದುಕೊಂಡು ಬೀಳುತ್ತದೆ. ಆದ್ದರಿಂದ ಕಾಂಡದಿಂದ ಗೇಣುದೂರದಲ್ಲಿ ಮೊದಲು ಕೆಳಗಿನಿಂದ ಅರೆಭಾಗ ಕೊಯ್ದು, ಅದಕ್ಕಿಂತ ತುಸು ಆಚೆ ಮೇಲಿನಿಂದ ಗರಗಸ ಹಾಕಿ ಭಾರ ಇಳಿಸಿ, ಆಮೇಲೆ ಉಳಿದ ತುಂಡನ್ನು ಟೊಂಗೆಯ ಬುಡದ ಉಬ್ಬಿಗೆ ಹೊಂದಿಕೊಂಡಂತೆ, ಆ ಉಬ್ಬನ್ನು ಕೆತ್ತದೆ ತೆಗೆಯಿರಿ. ಗಾಯ ಮುಚ್ಚಿಕೊಳ್ಳುವುದು ಅಲ್ಲಿಂದಲೇ. ಜೋತಾಡುವ ತೊಗಟೆಯನ್ನು ಹರಿತವಾದ ಚಾಕುವಿನಿಂದ ಸವರಿ, ಹೆಬ್ಬೆರಳಿಗಿಂತ ದಪ್ಪದ ಗಾಯಕ್ಕೆ ಬೋರ್ಡೋ ಮುಲಾಮು (ಮೈಲುತುತ್ತ, ಸುಣ್ಣ ಕಲಸಿದ ಲೇಪ) ಹಚ್ಚಿರಿ. ಮನೆಯಲ್ಲಿ ಉಳಿದ ಗೋಡೆಬಣ್ಣ ಬಳಿಯುವ ರೂಢಿ ನಮ್ಮಲ್ಲಿದೆ, ಅದರಿಂದ ಪ್ರಯೋಜನವಿಲ್ಲ.

ನೆರೆಯವರ ಸಲಹೆ ಪೂರ್ತಿ ತಪ್ಪಲ್ಲ, ಹೊತ್ತು ತಪ್ಪಿದೆ. ದಾಸವಾಳ ಹೊಸ ಚಿಗುರಿನಲ್ಲೇ ಹೂ ಬಿಡುವುದರಿಂದ ಸವರಿದರೆ ನಷ್ಟವಿಲ್ಲ. ಆದರೆ ಬೇರು ಅಲುಗಿದ ಗಿಡಕ್ಕೆ ಎಲೆಯೇ ಆಹಾರ, ಅಲ್ಲದೆ ಇಷ್ಟು ದಿನ ನೆರಳಿನಲ್ಲಿದ್ದ ಕಾಂಡ ಬೇಸಿಗೆಯ ಬಿಸಿಲಿಗೆ ಸುಡುತ್ತದೆ. ಈಗ ಮುರಿದದ್ದನ್ನಷ್ಟೇ ತೆಗೆಯಿರಿ. ಮೃಗಶಿರಾ ಮಳೆ ಹಿಡಿದು ಚಿಗುರು ಕಂಡ ಮೇಲೆ ಆಕಾರ ಕೊಡಬಹುದು, ಆಗಲೂ ಮೂರನೇ ಒಂದು ಪಾಲಿಗಿಂತ ಹೆಚ್ಚು ಬೇಡ. ಅಲ್ಲಿಯವರೆಗೆ ಯೂರಿಯಾ ಹಾಕಬೇಡಿರಿ.

ಕಣಗಿಲದ ಮುರಿದ ತುದಿಗಳನ್ನು ಗೆಣ್ಣಿನ ಮೇಲೆ ಓರೆಯಾಗಿ ಕತ್ತರಿಸಿದರೆ ಸಾಕು, ಅದು ಗಟ್ಟಿ ಜೀವ. ಆದರೆ ಅದರ ಎಲೆ, ಕಾಂಡ, ಹಾಲು ಎಲ್ಲವೂ ವಿಷ. ಕೈಗವಸು ಹಾಕಿಕೊಳ್ಳಿರಿ, ಕಡಿದ ಟೊಂಗೆಗಳನ್ನು ಸುಡಬೇಡಿರಿ, ಓಣಿಯ ದನ, ಆಡುಗಳು ಬಾಯಿ ಹಾಕುವಂತೆ ಗೇಟಿನ ಹೊರಗೆ ಎಸೆಯಲೂ ಬೇಡಿರಿ. ಯಾವುದಾದರೂ ಟೊಂಗೆ ವಿದ್ಯುತ್ ತಂತಿಗೆ ತಾಗಿದ್ದರೆ ಅದನ್ನು ಮುಟ್ಟದೆ ಹೆಸ್ಕಾಂನ 1912 ಸಂಖ್ಯೆಗೆ ಕರೆ ಮಾಡಿರಿ.

ಪ್ರಶ್ನೆ: ಆಲಿಕಲ್ಲು ಬಿದ್ದು ದುಂಡುಮಲ್ಲಿಗೆ, ಗುಲಾಬಿಯ ಕಡ್ಡಿಗಳ ಮೇಲೆ ಕಲೆಗಳಾಗಿವೆ. ಏನು ಮಾಡಬೇಕು?
– ಓದುಗರೊಬ್ಬರು, ಗದಗ

ಉತ್ತರ: ಆ ಜಜ್ಜುಗಾಯಗಳಿಂದ ಶಿಲೀಂಧ್ರ ಒಳಹೊಕ್ಕು ಗುಲಾಬಿಯ ಕಡ್ಡಿ ತುದಿಯಿಂದ ಕಪ್ಪಾಗಿ ಒಣಗುತ್ತ ಬರಬಹುದು. ಕಪ್ಪಾದ ಭಾಗಕ್ಕಿಂತ ಎರಡು ಬೆರಳು ಕೆಳಗೆ, ತಿರುಳು ಬೆಳ್ಳಗೆ ಕಾಣುವಲ್ಲಿ ಕತ್ತರಿಸಿ, ಒಂದು ಲೀಟರ್ ನೀರಿಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ ಎಂಬ ಶಿಲೀಂಧ್ರನಾಶಕ ಬೆರೆಸಿ ಸಿಂಪಡಿಸಿರಿ. ಗಿಡದಿಂದ ಗಿಡಕ್ಕೆ ಹೋಗುವಾಗ ಕತ್ತರಿಯನ್ನು ಸ್ಪಿರಿಟ್‌ನಿಂದ ಒರೆಸಿಕೊಳ್ಳಿರಿ. ಮಲ್ಲಿಗೆಯಲ್ಲಿ ಮುರಿದ ಕಡ್ಡಿಗಳನ್ನು ಮಾತ್ರ ತೆಗೆಯಿರಿ. ಅದನ್ನು ತಗ್ಗಿಸಿ ಸವರುವ ಕಾಲ ನವೆಂಬರ್ ಕೊನೆಯ ವಾರ.