ಕಂಪಾಲಕ್ಕೆ ಹೊರಟವನಿಗೆ: ಇಂಜೆಕ್ಷನ್, ಮಾತ್ರೆ, ಸೊಳ್ಳೆಪರದೆ

ತಮ್ಮಾ, ಬದಿಯಡ್ಕದಿಂದ ಎರಡು ತಿಂಗಳಲ್ಲಿ ಹೊರಟು ಉಗಾಂಡದ ಕಂಪಾಲದಲ್ಲಿ ಅಕೌಂಟ್ಸ್ ಕೆಲಸಕ್ಕೆ ಸೇರುತ್ತೇನೆ, ಯಾವ ಇಂಜೆಕ್ಷನ್ ಬೇಕು, ಮಲೇರಿಯಾಕ್ಕೆ ಮಾತ್ರೆ ನುಂಗಲೇಬೇಕಾ, ಆಮೇಲೆ ಹೆಂಡತಿ ಮತ್ತು ಎರಡು ವರ್ಷದ ಮಗಳು ಬಂದರೆ ಹೇಗೆ ಅಂತ ಕೇಳಿದ್ದೀ. ಜೊತೆಗೆ, "ಮಲೇರಿಯಾ ನಮಗೇನು ಹೊಸತಲ್ಲ, ಮಂಗಳೂರಲ್ಲಿ ಓದುವಾಗ ಒಮ್ಮೆ ಬಂದು ಹೋಗಿದೆ" ಅಂತಲೂ ಬರೆದಿದ್ದೀ. ಆ ಧೈರ್ಯವನ್ನು ಮೊದಲು ಬದಿಗಿಡು.

ಮಂಗಳೂರಲ್ಲಿ ಸಾಮಾನ್ಯವಾಗಿ ಬರುವುದು ವೈವಾಕ್ಸ್ ಎಂಬ ಬಗೆಯ ಮಲೇರಿಯಾ. ಚಳಿಜ್ವರ ಬಂದು ಹಣ್ಣು ಮಾಡುತ್ತದೆ, ಆದರೆ ಕ್ಲೋರೋಕ್ವಿನ್ 3 ದಿನ, ಪ್ರೈಮಾಕ್ವಿನ್ 14 ದಿನ ತಪ್ಪದೆ ತಕ್ಕೊಂಡರೆ ಹೆಚ್ಚಿನವರಿಗೆ ವಾಸಿ. ನಾನಿರುವ ಈ ಉಗಾಂಡದಲ್ಲಿ ಹೆಚ್ಚುಕಡಿಮೆ ಎಲ್ಲವೂ ಫಾಲ್ಸಿಪ್ಯಾರಮ್ ಎಂಬ ಇನ್ನೊಂದು ಬಗೆ. ವೈವಾಕ್ಸ್ ಎಳೆಯ ರಕ್ತಕಣಗಳನ್ನು ಹಿಡಿದರೆ ಇದು ಎಲ್ಲಾ ವಯಸ್ಸಿನ ಕಣಗಳನ್ನೂ ಹಿಡಿಯುತ್ತದೆ. ಹಾಗೆ ಹಿಡಿದ ಕಣಗಳು ಸಣ್ಣ ರಕ್ತನಾಳಗಳ ಗೋಡೆಗೆ ಅಂಟಿ, ಮಿದುಳು, ಕಿಡ್ನಿಗೆ ರಕ್ತ ಹೋಗುವ ದಾರಿಯನ್ನೇ ಕಟ್ಟುತ್ತವೆ. ಇವತ್ತು ಬರೀ ಜ್ವರ ಅಂತ ಮಲಗಿದವನಿಗೆ ನಾಳೆ ಎಚ್ಚರವೇ ಇಲ್ಲದಂತಾಗಬಹುದು. ಕ್ಲೋರೋಕ್ವಿನ್ ಇಲ್ಲಿ ನಡೆಯುವುದಿಲ್ಲ. ಮಂಗಳೂರಲ್ಲಿ ಬಂದು ಹೋದ ಜ್ವರವನ್ನು ನಂಬಿ ಇಲ್ಲಿ ಕೂರಬಾರದು.

"ಇಲ್ಲಿ ಯಾರೂ ಮಾತ್ರೆ ನುಂಗುವುದಿಲ್ಲ" ಅಂತ ಆಫೀಸಿನಲ್ಲಿ ಹೇಳುವವರು ಖಂಡಿತ ಸಿಗುತ್ತಾರೆ. ಇಲ್ಲೇ ಹುಟ್ಟಿದವರಿಗೆ ಸಣ್ಣಂದಿನಿಂದ ಮತ್ತೆ ಮತ್ತೆ ಜ್ವರ ಬಂದು ಅಷ್ಟಿಷ್ಟು ತಡೆದುಕೊಳ್ಳುವ ಶಕ್ತಿ ಬಂದಿರುತ್ತದೆ. ಅವರೇ ಕೆಲವು ವರ್ಷ ಹೊರಗಿದ್ದು ಬಂದರೆ ಅದೂ ಕರಗುತ್ತದೆ. ನಿನಗೆ ಅದು ಇಲ್ಲವೇ ಇಲ್ಲ.

ಮಲೇರಿಯಾ ಬಾರದಂತೆ ನುಂಗುವ ಮಾತ್ರೆಗಳು ಮುಖ್ಯವಾಗಿ ಮೂರು. ಯಾವುದು ನಿನಗಾಗುತ್ತದೆ ಅಂತ ಹೊರಡುವ 6 ವಾರ ಮೊದಲೇ ಡಾಕ್ಟರಲ್ಲಿ ಮಾತಾಡು. ಅಟೊವಕ್ವೋನ್-ಪ್ರೊಗ್ವಾನಿಲ್ (250/100 ಮಿ.ಗ್ರಾಂ) ದಿನಕ್ಕೊಂದು: ಹೊರಡುವ 1-2 ದಿನ ಮೊದಲು ಶುರು, ಮಲೇರಿಯಾ ಇರುವ ಜಾಗ ಬಿಟ್ಟ ಮೇಲೆ 7 ದಿನ. ಊಟದಲ್ಲಿ ಕೊಬ್ಬಿನಂಶ ಇದ್ದರೆ ಮಾತ್ರ ಇದು ಮೈಗೆ ಸರಿಯಾಗಿ ಹಿಡಿಯುತ್ತದೆ. ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿಯ ಜೊತೆ ನುಂಗಿದರೆ ಅರ್ಧ ವ್ಯರ್ಥ. ಗಂಜಿಗೆ ತುಪ್ಪ ಹಾಕಿಕೋ, ಇಲ್ಲಾ ಒಂದು ಲೋಟ ಹಾಲು ಕುಡಿ. ನಮ್ಮ ಕಡೆಯ ಎಲ್ಲಾ ಮೆಡಿಕಲ್ ಶಾಪಿನಲ್ಲಿ ಇದನ್ನು ಇಟ್ಟಿರುವುದಿಲ್ಲ, ಮೊದಲೇ ಹೇಳಿ ತರಿಸಬೇಕು. ಡಾಕ್ಸಿಸೈಕ್ಲಿನ್ 100 ಮಿ.ಗ್ರಾಂ ದಿನಕ್ಕೊಂದು, ಆದರೆ ಮರಳಿದ ಮೇಲೂ 4 ವಾರ. ಕಡಿಮೆ ಬೆಲೆಗೆ ಎಲ್ಲಾ ಕಡೆ ಸಿಗುತ್ತದೆ. ದೊಡ್ಡ ಲೋಟ ನೀರಿನಲ್ಲಿ ನುಂಗಿ ಅರ್ಧ ಗಂಟೆ ಮಲಗಬಾರದು, ಇಲ್ಲದಿದ್ದರೆ ಅನ್ನನಾಳದಲ್ಲಿ ಸಿಕ್ಕಿಕೊಂಡು ಹುಣ್ಣು ಮಾಡುತ್ತದೆ. ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ. ಮೆಫ್ಲೋಕ್ವಿನ್ ವಾರಕ್ಕೊಂದೇ, ಆದರೆ ಅಪಸ್ಮಾರ, ಖಿನ್ನತೆ ಇದ್ದವರಿಗೆ ಕೂಡದು.

ಒಂದಕ್ಕೆ 7 ದಿನ, ಇನ್ನೊಂದಕ್ಕೆ 4 ವಾರ ಯಾಕೆ? ಸೊಳ್ಳೆ ಬಿಟ್ಟ ರೋಗಾಣು ಮೊದಲು ಯಕೃತ್ತಿನಲ್ಲಿ ಅಡಗಿ ಬೆಳೆದು, ಆಮೇಲೆ ರಕ್ತಕ್ಕೆ ಬರುತ್ತದೆ. ಅಟೊವಕ್ವೋನ್-ಪ್ರೊಗ್ವಾನಿಲ್ ಯಕೃತ್ತಿನಲ್ಲೇ ಕೊಲ್ಲುತ್ತದೆ. ಉಳಿದ ಎರಡು ಮುಖ್ಯವಾಗಿ ರಕ್ತಕ್ಕೆ ಬಂದ ಮೇಲೆ ಕೊಲ್ಲುವವು, ಹಾಗಾಗಿ ಕೊನೆಯ ಕಡಿತದ ರೋಗಾಣು ಹೊರಬರುವವರೆಗೆ ಕಾಯಬೇಕು. ಊರು ಮುಟ್ಟಿದ ಮೇಲೆ "ಇನ್ನೇಕೆ" ಅಂತ ಡಾಕ್ಸಿ ಬಿಡುವವರು ಸಿಕ್ಕಿ ಬೀಳುವುದು ಅಲ್ಲೇ.

ಮಾತ್ರೆ ಇದ್ದರೂ ಪರದೆ ಬೇಕೇ ಬೇಕು. ಇಲ್ಲಿಯ ಅನಾಫಿಲಿಸ್ ಸೊಳ್ಳೆ ಸಂಜೆಯಿಂದ ಬೆಳಗಿನವರೆಗೆ ಕಚ್ಚುತ್ತದೆ, ನಡುರಾತ್ರಿ ಕಳೆದ ಮೇಲೆ ಹೆಚ್ಚು. ಸದ್ದೂ ಕಡಿಮೆ. ಔಷಧಿ ಸೇರಿಸಿಯೇ ತಯಾರಿಸಿದ ಪರದೆ ತಕ್ಕೋ. ಅಂಚನ್ನು ಹಾಸಿಗೆಯ ಅಡಿಗೆ ಸುತ್ತಲೂ ಸೇರಿಸು. ಮೊಣಕೈ ಪರದೆಗೆ ತಾಗಿದರೆ ಹೊರಗಿಂದಲೇ ಕಚ್ಚುತ್ತದೆ, ಹಾಗಾಗಿ ಅಗಲ ಇರುವುದನ್ನೇ ನೋಡು. ತೊಳೆಯುವಾಗ ಸಾಧಾರಣ ಸಾಬೂನು ಸಾಕು, ಬ್ಲೀಚ್ ಬೇಡ, ಕಲ್ಲಿಗೆ ಬಡಿಯುವುದು ಬೇಡ, ನೆರಳಲ್ಲೇ ಒಣಗಿಸು. ಸಂಜೆ ಹೊರಗೆ ಕೂರುವಾಗ ಸೊಳ್ಳೆ ಓಡಿಸುವ ಡೀಟ್ 30 ಪರ್ಸೆಂಟ್ ಇರುವ ಮುಲಾಮು ಹಚ್ಚಿಕೋ. ಸನ್‌ಸ್ಕ್ರೀನ್ ಹಚ್ಚುವುದಿದ್ದರೆ ಅದು ಮೊದಲು, ಡೀಟ್ ಅದರ ಮೇಲೆ.

ಇನ್ನು ಇಂಜೆಕ್ಷನ್. ಯೆಲ್ಲೋ ಫೀವರಿನದ್ದು (ಸೊಳ್ಳೆಯಿಂದ ಹರಡುವ ಹಳದಿ ಜ್ವರದ್ದು) ಇಲ್ಲದೆ ಉಗಾಂಡದ ಒಳಗೆ ಬಿಡುವುದಿಲ್ಲ. ಇದನ್ನು ಸರಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ ಕೊಡುತ್ತಾರೆ. ಒಂದು ಬಾಟ್ಲಿಯಲ್ಲಿ ಹಲವು ಜನರ ಮದ್ದು ಇರುತ್ತದೆ, ಕಲಸಿದ ಮೇಲೆ ಕೆಲವೇ ಗಂಟೆಯೊಳಗೆ ಮುಗಿಸಬೇಕು. ಅದಕ್ಕೇ ವಾರದ ನಿಗದಿತ ದಿನಗಳಲ್ಲಿ, ಬುಕ್ ಮಾಡಿದವರಿಗೆ ಕೊಡುವುದು. ಟಿಕೆಟಿನ ಹಿಂದಿನ ವಾರ ಓಡಿದರೆ ಸಿಗಲಿಕ್ಕಿಲ್ಲ. ಸಿಕ್ಕರೂ, ಲಸಿಕೆ ಹಾಕಿಸಿದ್ದಕ್ಕೆ ಕೊಡುವ ಹಳದಿ ಕಾರ್ಡ್ ಊರ್ಜಿತವಾಗುವುದು 10 ದಿನ ಕಳೆದ ಮೇಲೆ. 2016ರ ಜುಲೈಯಿಂದ ಒಂದೇ ಡೋಸ್ ಜೀವಮಾನಕ್ಕೆ ನಡೆಯುತ್ತದೆ. ಹಳದಿ ಕಾರ್ಡನ್ನು ಕೇಂದ್ರದಿಂದ ಹೊರಡುವ ಮೊದಲೇ ಓದು: ಪಾಸ್‌ಪೋರ್ಟ್ ನಂಬರ್, ಬ್ಯಾಚ್ ನಂಬರ್, ಸಹಿ, ಮೊಹರು. ನಮ್ಮ ಕಡೆಯವರಿಗೆ ಇನಿಷಿಯಲ್ಲಿನ ಕಾಟ ಒಂದುಂಟು. ಪಾಸ್‌ಪೋರ್ಟಿನಲ್ಲಿ ಹೆಸರು ಬಿಡಿಸಿ ಬರೆದಿದ್ದರೆ ಕಾರ್ಡಿನಲ್ಲೂ ಹಾಗೆಯೇ ಬರೆಸು. ಕಾರ್ಡ್ ಇಲ್ಲದೆ ಇಲ್ಲಿಂದ ಭಾರತದಲ್ಲಿ ಇಳಿದರೆ 6 ದಿನದವರೆಗೆ ಕ್ವಾರಂಟೈನಿನಲ್ಲಿ ಇಡಬಹುದು. ಇದು ಜೀವಂತ ಲಸಿಕೆ. ಮೊಟ್ಟೆಯ ತೀವ್ರ ಅಲರ್ಜಿ, ರೋಗನಿರೋಧ ಕುಗ್ಗಿಸುವ ಮದ್ದು ಇದ್ದರೆ ಮೊದಲೇ ಹೇಳು.

ಟೈಫಾಯಿಡ್, ಹೆಪಟೈಟಿಸ್ ಎ, ಹೆಪಟೈಟಿಸ್ ಬಿ, 10 ವರ್ಷ ದಾಟಿದ್ದರೆ ಟೆಟನಸ್, ಇವನ್ನು ಊರಲ್ಲೇ ಮುಗಿಸು. ಬೀದಿನಾಯಿ ಇಲ್ಲಿಯೂ ಉಂಟು, ಹಳ್ಳಿ ಕಡೆ ತಿರುಗುವ ಕೆಲಸವಾದರೆ ರೇಬಿಸ್‌ನದ್ದೂ ಒಳ್ಳೆಯದು.

ಮಗಳಿಗೆ 9 ತಿಂಗಳು ದಾಟಿದೆ, ಯೆಲ್ಲೋ ಫೀವರ್ ಲಸಿಕೆ ಕೊಡಬಹುದು. ಮಲೇರಿಯಾ ಮಾತ್ರೆಯ ಅಳತೆ ಮಕ್ಕಳಿಗೆ ತೂಕದ ಮೇಲೆ, ನಿನ್ನ ಮಾತ್ರೆಯನ್ನು ಅಂದಾಜಿಗೆ ತುಂಡು ಮಾಡಿ ಕೊಡಬೇಡ. ಡಾಕ್ಸಿ 8 ವರ್ಷದೊಳಗಿನವರಿಗೆ ಇಲ್ಲ. ಹೆಂಡತಿ ಗರ್ಭಿಣಿಯಾದರೆ ಲೆಕ್ಕವೇ ಬೇರೆ: ಮಲೇರಿಯಾ ಹೆಚ್ಚು ಅಪಾಯ, ಮದ್ದುಗಳ ಆಯ್ಕೆ ಕಡಿಮೆ. ಆಗ ಪ್ರಯಾಣ ಮುಂದೂಡುವುದೇ ಸರಿ.

ಇಷ್ಟೆಲ್ಲ ಮಾಡಿದರೂ ಜ್ವರ ಬಂತೆಂದರೆ 24 ಗಂಟೆಯೊಳಗೆ ರಕ್ತ ಪರೀಕ್ಷೆ. ಇದರಲ್ಲಿ ಮಾತ್ರ ಸಂಕೋಚ ಬೇಡ. ಮೊದಲ ಸ್ಲೈಡ್ (ಗಾಜಿನ ಮೇಲೆ ರಕ್ತ ಹಚ್ಚಿ ನೋಡುವ ಪರೀಕ್ಷೆ) ನೆಗೆಟಿವ್ ಅಂದರೂ ಜ್ವರ ನಿಲ್ಲದಿದ್ದರೆ 12-24 ಗಂಟೆ ಬಿಟ್ಟು ಮತ್ತೆ ಮಾಡಿಸು. ಸಣ್ಣ ಕ್ಲಿನಿಕ್ಕಿನಲ್ಲಿ ವಿಡಾಲ್ ಟೆಸ್ಟ್ ನೋಡಿ "ಟೈಫಾಯಿಡೂ ಉಂಟು" ಅನ್ನಬಹುದು. ಅದು ಹಳೆಯ ಸೋಂಕಿಗೂ ಪಾಸಿಟಿವ್ ತೋರಿಸುತ್ತದೆ, ಅದೊಂದನ್ನೇ ನಂಬಬೇಡ. ಸಾಧಾರಣ ಫಾಲ್ಸಿಪ್ಯಾರಮ್‌ಗೆ ಇಲ್ಲಿ ಕೊಡುವುದು ಆರ್ಟಿಮೆಥರ್-ಲೂಮೆಫ್ಯಾಂಟ್ರಿನ್: ದೊಡ್ಡವರಿಗೆ ಒಮ್ಮೆಗೆ 4 ಮಾತ್ರೆ, 3 ದಿನದಲ್ಲಿ 6 ಸಲ, ಒಟ್ಟು 24. ಎರಡನೆಯದು ಮೊದಲನೆಯದಾಗಿ 8 ಗಂಟೆ ಕಳೆದ ಮೇಲೆ, ಆಮೇಲೆ ಬೆಳಿಗ್ಗೆ-ಸಂಜೆ. ಇದಕ್ಕೂ ಹಾಲು, ಎಣ್ಣೆಯಂಶದ ಊಟ ಬೇಕು. ಒಂದು ಗಂಟೆಯೊಳಗೆ ವಾಂತಿಯಾದರೆ ಆ ಡೋಸ್ ಮತ್ತೆ ನುಂಗು. ಎರಡನೆಯ ದಿನ ಜ್ವರ ಇಳಿಯಿತೆಂದು ಉಳಿದದ್ದನ್ನು ಎತ್ತಿಡುವುದೇ ದೊಡ್ಡ ತಪ್ಪು. ವಾಂತಿ ನಿಲ್ಲದಿದ್ದರೆ, ಮಾತು ಅಸಂಬದ್ಧವಾದರೆ, ಕಣ್ಣು ಹಳದಿಯಾದರೆ ಮಾತ್ರೆ ಸಾಲದು, ಆರ್ಟಿಸುನೇಟ್ ಇಂಜೆಕ್ಷನ್ ಇರುವ ಆಸ್ಪತ್ರೆಗೇ ಹೋಗಬೇಕು.

ರಜೆಗೆ ಊರಿಗೆ ಬಂದಾಗಲೂ ಇದನ್ನು ನೆನಪಿಡು. ಫಾಲ್ಸಿಪ್ಯಾರಮ್ ಮೈಯಲ್ಲಿದ್ದು ಮೂರು ತಿಂಗಳ ಒಳಗೆ ಯಾವಾಗ ಬೇಕಾದರೂ ತಲೆ ಎತ್ತಬಹುದು. ಮಳೆಗಾಲದಲ್ಲಿ ಕಾಸರಗೋಡಿನ ಡಾಕ್ಟರಿಗೆ ಜ್ವರ ಅಂದರೆ ಮೊದಲು ತೋಚುವುದು ಇಲಿಜ್ವರ, ಡೆಂಗಿ. ಅದು ಅವರ ತಪ್ಪಲ್ಲ, ನೀನು ಎಲ್ಲಿಂದ ಬಂದೆ ಅಂತ ಅವರಿಗೆ ಗೊತ್ತಿರುವುದಿಲ್ಲ. ಚೀಟಿ ಮಾಡಿಸುವಾಗಲೇ ಹೇಳು: "ಉಗಾಂಡದಿಂದ ಬಂದದ್ದು, ಮಲೇರಿಯಾ ಸ್ಲೈಡ್ ಇವತ್ತೇ ನೋಡಿ."